ಭೌತಶಾಸ್ತ್ರದ ತರಗತಿ ಮತ್ತು ಮುಖ್ಯೋಪಾಧ್ಯಾಯರ ಕೋಣೆ

(ಸಂಘದ ವಾರ್ಷಿಕ ಸಮಾವೇಶದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಪ್ರಧಾನ ಭಾಷಣದ ಪಠ್ಯ)



ಶಾಲೆಯ ಮುಖ್ಯಸ್ಥರು ವಿಜ್ಞಾನ ಬೋಧನೆಗೆ ಹೇಗೆ ಬೆಂಬಲ ಕೊಡಬೇಕು ಎಂಬ ವಿಷಯದ ಮೇಲೆ ಮಾತಾಡಿ ಎಂದು ಸಂಘಟಕರು ಕೇಳಿಕೊಂಡರು. ವಿಜ್ಞಾನ ಎಂದರೆ ದೊಡ್ಡ ಸಮುದ್ರ. ಅದರಲ್ಲಿ ನನಗೆ ಗೊತ್ತಿರುವ ಒಂದು ದಡದ ಬಗ್ಗೆ ಮಾತ್ರ ಮಾತಾಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಇಂಗ್ಲೆಂಡಿನ ಸರ್ಕಾರಿ ಸೆಕೆಂಡರಿ ಶಾಲೆಗಳಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾ ಬಂದಿದ್ದೇನೆ. ನಡುವೆ ಕೆಲವು ವರ್ಷ ವಿಜ್ಞಾನ ವಿಭಾಗ ನೋಡಿಕೊಂಡೆ. ಈಗ ಉಪ ಮುಖ್ಯೋಪಾಧ್ಯಾಯ. ಹಾಗಾಗಿ ಲ್ಯಾಬಿನ ಬೆಂಚನ್ನೂ ಬಲ್ಲೆ, ಆಡಳಿತದ ಮೇಜನ್ನೂ ಬಲ್ಲೆ. ಸ್ಕಾಟ್ಲೆಂಡ್, ವೇಲ್ಸ್‌ಗಳಿಂದ ಬಂದವರು ಕ್ಷಮಿಸಬೇಕು, ಅಲ್ಲಿನ ಶಿಕ್ಷಣ ವ್ಯವಸ್ಥೆಯೇ ಬೇರೆ. ನಾನು ಹೇಳುವುದೆಲ್ಲ ಇಂಗ್ಲೆಂಡಿಗೆ ಸೇರಿದ್ದು.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಶಾಲೆಯಲ್ಲಿ ಫಿಸಿಕ್ಸ್ ಚೆನ್ನಾಗಿ ನಡೆಯುತ್ತದೋ ಇಲ್ಲವೋ ಎಂಬುದನ್ನು ಬಹಳ ಮಟ್ಟಿಗೆ ನಿರ್ಧರಿಸುವವರು ಫಿಸಿಕ್ಸ್ ಪಾಠ ಮಾಡದವರು. ಮುಖ್ಯೋಪಾಧ್ಯಾಯರು, ಟೈಮ್‌ಟೇಬಲ್ ಹಾಕುವವರು, ಖರ್ಚಿಗೆ ಸಹಿ ಹಾಕುವವರು, ಇವರನ್ನೆಲ್ಲ ಪ್ರಶ್ನೆ ಕೇಳಬೇಕಾದ ಗವರ್ನರ್‌ಗಳು. ಇವರಿಗೆ ನ್ಯೂಟನ್ನನ ನಿಯಮಗಳು ಗೊತ್ತಿರಬೇಕಾಗಿಲ್ಲ. ಆದರೆ ಆ ವಿಷಯಕ್ಕೆ ಏನು ಬೇಕು ಎಂಬುದು ಗೊತ್ತಿರಬೇಕು.

ಮಕ್ಕಳು ಇನ್ನೂ ಚಿಕ್ಕವರಿರುವ ತಂದೆತಾಯಂದಿರಿಗಾಗಿ ಇಲ್ಲಿನ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹದಿನಾರನೇ ವಯಸ್ಸಿನವರೆಗೆ ಎಲ್ಲರೂ ವಿಜ್ಞಾನ ಓದಲೇಬೇಕು. ಜಿಸಿಎಸ್‌ಇಯಲ್ಲಿ ಎರಡು ದಾರಿಗಳಿವೆ. ಮೂರೂ ವಿಜ್ಞಾನಗಳನ್ನು ಸೇರಿಸಿ ಎರಡು ಜಿಸಿಎಸ್‌ಇಗೆ ಸಮನಾದ ಕಂಬೈನ್ಡ್ ಸೈನ್ಸ್ ಒಂದು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇರೆ ಬೇರೆಯಾಗಿ ಓದುವ ಟ್ರಿಪಲ್ ಇನ್ನೊಂದು. ಆಮೇಲೆ ಎ ಲೆವೆಲ್. ಅಲ್ಲಿ ಸಾಮಾನ್ಯವಾಗಿ ಮೂರೇ ವಿಷಯ. ನಮ್ಮ ಪಿಯುಸಿಯಲ್ಲಿ ಪಿಸಿಎಂಬಿ ಅಂತ ಒಂದು ಕಟ್ಟು ಇರುತ್ತದಲ್ಲ, ಆ ಥರ ಇಲ್ಲಿಲ್ಲ. ಮಗು ತಾನೇ ಆರಿಸಿಕೊಳ್ಳಬೇಕು. ಹದಿನಾರಕ್ಕೆ ಫಿಸಿಕ್ಸ್ ಬಿಟ್ಟರೆ ಬಿಟ್ಟ ಹಾಗೆಯೇ. ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಓದುವುದಕ್ಕೆ, ಬಹಳಷ್ಟು ಎಂಜಿನಿಯರಿಂಗ್ ಕೋರ್ಸ್‌ಗಳಿಗೆ, ಗಣಿತದ ಜೊತೆ ಎ ಲೆವೆಲ್ ಫಿಸಿಕ್ಸ್ ಕೇಳುತ್ತಾರೆ. ಅಂದರೆ ಹದಿನೈದು, ಹದಿನಾರರ ಹುಡುಗ ಹುಡುಗಿ ಮಾಡುವ ಒಂದು ಆಯ್ಕೆಯಿಂದ ಮುಂದಿನ ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಆ ಆಯ್ಕೆಗೆ ಮೊದಲಿನ ಐದು ವರ್ಷ ಅವರ ಎದುರಿಗೆ ನಿಂತು ಫಿಸಿಕ್ಸ್ ಹೇಳಿಕೊಟ್ಟವರು ಯಾರು?

ಕಷ್ಟ ಇರುವುದೇ ಇಲ್ಲಿ. ಯಾವ ವಿಷಯಕ್ಕೆ ಎಷ್ಟು ಜನ ಹೊಸದಾಗಿ ಶಿಕ್ಷಕರ ತರಬೇತಿಗೆ ಸೇರಬೇಕು ಎಂದು ಸರ್ಕಾರ ಪ್ರತಿ ವರ್ಷ ಒಂದು ಗುರಿ ಇಡುತ್ತದೆ. 2023-24ರಲ್ಲಿ ಫಿಸಿಕ್ಸ್‌ನಲ್ಲಿ ಆ ಗುರಿಯ ಶೇಕಡಾ 17ರಷ್ಟು ಮಾತ್ರ ತುಂಬಿತು. ನೂರು ಜನ ಬೇಕಾದ ಕಡೆ ಹದಿನೇಳು ಜನ ಬಂದರು. ಆಮೇಲೆ ಸಂಖ್ಯೆ ಏರಿದೆ, ಸಂತೋಷ. ಆದರೆ ವರ್ಷಗಟ್ಟಲೆ ತೋಡಿದ ಹಳ್ಳ ಒಂದು ಮಳೆಗೆ ತುಂಬುವುದಿಲ್ಲ. ಇವತ್ತು ಅನೇಕ ಶಾಲೆಗಳಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿರುವವರು ಬಯಾಲಜಿ ಓದಿದವರು, ಕೆಮಿಸ್ಟ್ರಿ ಓದಿದವರು, ಕೆಲವೊಮ್ಮೆ ಆಟದ ಮೇಷ್ಟ್ರು. ಇದು ಅವರ ತಪ್ಪಲ್ಲ. ಬಹಳ ಜನ ನಿಷ್ಠೆಯಿಂದ ಓದಿಕೊಂಡು ಬಂದು ಪಾಠ ಮಾಡುತ್ತಾರೆ.

ಹಾಗಾದರೆ ಫಿಸಿಕ್ಸ್ ಓದಿದವರೇ ಯಾಕೆ ಬೇಕು, ಪುಸ್ತಕ ಇದೆಯಲ್ಲ, ಸ್ಲೈಡ್ ಇದೆಯಲ್ಲ ಎಂದು ನೀವು ಕೇಳಬಹುದು. ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಒಂದೇ ಥರದ ಎರಡು ಬಲ್ಬ್‌ಗಳನ್ನು ಒಂದರ ಹಿಂದೆ ಒಂದರಂತೆ ಬ್ಯಾಟರಿಗೆ ಜೋಡಿಸುತ್ತೇವೆ ಅಂದುಕೊಳ್ಳಿ. ಯಾವುದು ಹೆಚ್ಚು ಬೆಳಗುತ್ತದೆ ಎಂದು ಎಂಟನೇ ವರ್ಷದ ತರಗತಿಯಲ್ಲಿ ಕೇಳಿ. ಮೊದಲನೆಯದು ಎಂದು ಹಲವು ಕೈಗಳು ಮೇಲೇಳುತ್ತವೆ. ಕಾರಣ ಕೇಳಿದರೆ, ಮೊದಲ ಬಲ್ಬ್ ಸ್ವಲ್ಪ ಕರೆಂಟನ್ನು ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎನ್ನುತ್ತಾರೆ. ನಾವೂ ಮನೆಯಲ್ಲಿ ಈ ತಿಂಗಳು ಕರೆಂಟ್ ಬಹಳ ಖರ್ಚಾಗಿದೆ ಎನ್ನುತ್ತೇವಲ್ಲ, ಅದೇ ತರ್ಕ. ವಾಸ್ತವದಲ್ಲಿ ಎರಡೂ ಸಮನಾಗಿ ಬೆಳಗುತ್ತವೆ. ಸುತ್ತು ಹಾಕುವ ಕರೆಂಟ್ ಎಲ್ಲ ಕಡೆ ಒಂದೇ. ಖರ್ಚಾಗುವುದು ಬ್ಯಾಟರಿಯಲ್ಲಿ ಕೂಡಿಟ್ಟ ಶಕ್ತಿ.

ಈ ತಪ್ಪು ಕಲ್ಪನೆ ದಡ್ಡತನವಲ್ಲ. ಲೀಡ್ಸ್ ವಿಶ್ವವಿದ್ಯಾಲಯದ ರೋಸಲಿಂಡ್ ಡ್ರೈವರ್ ಮತ್ತು ಅವರ ಸಂಗಡಿಗರು ಮಕ್ಕಳು ತರಗತಿಗೆ ಬರುವ ಮೊದಲೇ ತಲೆಯಲ್ಲಿ ಕಟ್ಟಿಕೊಂಡು ಬರುವ ಇಂಥ ಕಲ್ಪನೆಗಳನ್ನು 1980ರ ದಶಕದಲ್ಲಿ ಕೂಲಂಕಷವಾಗಿ ಅಧ್ಯಯನ ಮಾಡಿದರು. ಸರಿ ಉತ್ತರವನ್ನು ಬೋರ್ಡಿನ ಮೇಲೆ ಬರೆದ ಮಾತ್ರಕ್ಕೆ ಈ ಕಲ್ಪನೆಗಳು ಹೋಗುವುದಿಲ್ಲ. ವಿಷಯ ಚೆನ್ನಾಗಿ ಬಲ್ಲ ಶಿಕ್ಷಕರಿಗೆ ಆ ತಪ್ಪು ಎಲ್ಲಿ ಬರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಬಲ್ಬಿನ ಈಚೆಗೊಂದು, ಆಚೆಗೊಂದು ಅಮ್ಮೀಟರ್ ಇಡುತ್ತಾರೆ. ಸ್ವಿಚ್ ಹಾಕುವ ಮೊದಲು ಮಕ್ಕಳಿಂದ ಊಹೆ ಹೇಳಿಸುತ್ತಾರೆ. ಎರಡರಲ್ಲೂ ಒಂದೇ ಅಂಕಿ ಕಂಡಾಗ ತರಗತಿಯಲ್ಲಿ ವಾದ ಶುರುವಾಗುತ್ತದೆ, ಕಲಿಕೆ ನಡೆಯುವುದು ಆ ವಾದದಲ್ಲೇ. ವಿಷಯದ ಮೇಲೆ ಹಿಡಿತ ಇಲ್ಲದವರು ಆ ವಾದಕ್ಕೆ ಹೆದರುತ್ತಾರೆ, ಸಹಜ. ಸ್ಲೈಡ್ ತೋರಿಸಿ, ಸೂತ್ರ ಬರೆಸಿ, ಲೆಕ್ಕ ಮಾಡಿಸಿ ಮುಗಿಸುತ್ತಾರೆ. ಆ ಮಗು ಪರೀಕ್ಷೆಯಲ್ಲಿ ಪಾಸಾಗಬಹುದು. ಆದರೆ ಫಿಸಿಕ್ಸ್ ಎಂದರೆ ಅರ್ಥವಾಗದ ಸೂತ್ರಗಳ ರಾಶಿ ಎಂದುಕೊಂಡು ಹದಿನಾರಕ್ಕೆ ಕೈಮುಗಿಯುತ್ತದೆ.

ಮುಖ್ಯೋಪಾಧ್ಯಾಯರು ಇಲ್ಲದ ಶಿಕ್ಷಕರನ್ನು ಸೃಷ್ಟಿಸಲಾರರು. ಇರುವವರನ್ನು ಹೇಗೆ ಬಳಸುತ್ತಾರೆ, ಹೇಗೆ ಉಳಿಸಿಕೊಳ್ಳುತ್ತಾರೆ, ಹೇಗೆ ಬೆಳೆಸುತ್ತಾರೆ ಎಂಬುದು ಮಾತ್ರ ಪೂರ್ತಿ ಅವರ ಕೈಯಲ್ಲಿದೆ. ಅದರಲ್ಲಿ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಟೈಮ್‌ಟೇಬಲ್. ಕೇಳಲು ನೀರಸ ವಿಷಯ. ಆದರೆ ಶಾಲೆಯ ನಿಜವಾದ ಆದ್ಯತೆ ಏನು ಎಂದು ತಿಳಿಯಬೇಕಾದರೆ ಗೋಡೆಯ ಮೇಲಿನ ಧ್ಯೇಯವಾಕ್ಯ ನೋಡಬೇಡಿ, ಟೈಮ್‌ಟೇಬಲ್ ನೋಡಿ. ಹೊಸದಾಗಿ ಫಿಸಿಕ್ಸ್ ಪದವಿ ಪಡೆದ ಒಬ್ಬ ಶಿಕ್ಷಕಿ ಶಾಲೆಗೆ ಬರುತ್ತಾಳೆ ಎಂದುಕೊಳ್ಳಿ. ಅವಳಿಗೆ ಏಳನೇ ವರ್ಷದವರಿಗೆ ಜೀವಕೋಶ, ಎಂಟಕ್ಕೆ ಆಮ್ಲ ಪ್ರತ್ಯಾಮ್ಲ, ಒಂಬತ್ತಕ್ಕೆ ಪರಿಸರ, ಹತ್ತಕ್ಕೆ ಒಂದಿಷ್ಟು ಫಿಸಿಕ್ಸ್ ಹೀಗೆ ಹಂಚಿಬಿಟ್ಟರೆ, ಪ್ರತಿ ರಾತ್ರಿ ನಾಲ್ಕು ಬೇರೆ ಬೇರೆ ಪಾಠ ಸಿದ್ಧ ಮಾಡಬೇಕು. ಅದರಲ್ಲಿ ಮೂರು ಅವಳೇ ಶಾಲೆಯಲ್ಲಿ ಬಿಟ್ಟುಬಂದ ವಿಷಯಗಳು. ಅದರ ಬದಲು ಅವಳಿಗೆ ಒಂದೇ ವರ್ಷದ ಮೂರು ತರಗತಿಗಳಿಗೆ ಫಿಸಿಕ್ಸ್ ಕೊಟ್ಟು ನೋಡಿ. ಸೋಮವಾರ ಮಾಡಿದ ಪಾಠದಲ್ಲಿ ಎಡವಿದ್ದನ್ನು ಬುಧವಾರ ತಿದ್ದಿಕೊಳ್ಳುತ್ತಾಳೆ, ಶುಕ್ರವಾರದ ಹೊತ್ತಿಗೆ ಆ ಪಾಠ ಅವಳದ್ದಾಗಿರುತ್ತದೆ. ಅದೇ ಸಂಬಳ, ಅದೇ ಗಂಟೆಗಳು. ಬದಲಾದದ್ದು ಹಂಚಿಕೆ ಮಾತ್ರ.

ಇದು ನಮ್ಮ ಊರಿನ ಹೈಸ್ಕೂಲುಗಳಿಗೆ ಹೊಸ ವಿಚಾರವೇನಲ್ಲ. ಕರ್ನಾಟಕದಲ್ಲಿ ಪಿಸಿಎಂ ಮೇಷ್ಟ್ರು, ಸಿಬಿಝಡ್ ಮೇಷ್ಟ್ರು ಎಂದು ಬೇರೆ ಬೇರೆಯಾಗಿ ನೇಮಕ ಮಾಡಿಕೊಳ್ಳುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಗಣಿತ ಓದಿದವರ ಕೈಯಲ್ಲೇ ಫಿಸಿಕ್ಸ್ ಇರಲಿ ಎಂಬ ಲೆಕ್ಕ ಅದು. ಇಲ್ಲಿಯೂ ಶಿಕ್ಷಕರ ತರಬೇತಿಯಲ್ಲಿ ಫಿಸಿಕ್ಸ್ ಜೊತೆ ಗಣಿತ ಎಂಬ ಕೋರ್ಸ್ ಇದೆ. ಫಿಸಿಕ್ಸ್ ಓದಿ ಬಂದ ಎಷ್ಟೋ ಜನ ಬಯಾಲಜಿಗಿಂತ ಗಣಿತ ಪಾಠ ಮಾಡಲು ಹೆಚ್ಚು ಇಷ್ಟಪಡುತ್ತಾರೆ. ಆ ಆಯ್ಕೆ ಕೊಟ್ಟು ನೋಡುವುದಕ್ಕೆ ಮುಖ್ಯೋಪಾಧ್ಯಾಯರಿಗೆ ಒಂದು ಪೌಂಡೂ ಖರ್ಚಿಲ್ಲ.

ಟೈಮ್‌ಟೇಬಲ್ಲಿನಲ್ಲಿ ಇನ್ನೊಂದು ಆಸೆ ಇಣುಕುತ್ತದೆ. ಇರುವ ಒಬ್ಬರೇ ಒಬ್ಬ ಫಿಸಿಕ್ಸ್ ಮೇಷ್ಟ್ರನ್ನು ಪೂರ್ತಿ ಎ ಲೆವೆಲ್‌ಗೇ ಮೀಸಲಿಡೋಣ, ಫಲಿತಾಂಶ ಚೆನ್ನಾಗಿ ಬರುತ್ತದೆ ಎಂಬ ಆಸೆ. ಅರ್ಥವಾಗುತ್ತದೆ. ಆದರೆ ಕೆಳಗಿನ ತರಗತಿಗಳಲ್ಲಿ ಒಮ್ಮೆಯೂ ಅವರ ಪಾಠ ಕೇಳದ ಮಕ್ಕಳು ಎ ಲೆವೆಲ್‌ಗೆ ಬರುವುದಾದರೂ ಹೇಗೆ? ಬೇರಿಗೆ ನೀರು ಹಾಕದೆ ಹಣ್ಣಿಗೆ ಕಾದ ಹಾಗೆ. ವಾರದಲ್ಲಿ ಒಂದೆರಡು ತರಗತಿಯಾದರೂ ಎಂಟು, ಒಂಬತ್ತನೇ ವರ್ಷದ ಮಕ್ಕಳಿಗೆ ಅವರು ಸಿಗಬೇಕು.

ಎರಡನೆಯದು ಶಿಕ್ಷಕರು ಒಟ್ಟಿಗೆ ಕಲಿಯುವ ಸಮಯ. 2008ರಲ್ಲಿ ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಹೋದ್ಯೋಗಿಗಳು, ಶಾಲಾ ಮುಖ್ಯಸ್ಥರ ಯಾವ ಕೆಲಸದಿಂದ ಮಕ್ಕಳ ಕಲಿಕೆಗೆ ಹೆಚ್ಚು ಲಾಭವಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಗುರಿ ಇಡುವುದು, ಸಂಪನ್ಮೂಲ ಹೊಂದಿಸುವುದು, ಶಿಸ್ತಿನ ವಾತಾವರಣ, ಇವೆಲ್ಲಕ್ಕೂ ಮೇಲೆ ಬಂದದ್ದು ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸಿ ತಾವೂ ಅದರಲ್ಲಿ ಭಾಗವಹಿಸುವುದು. ಬರೀ ಪ್ರೋತ್ಸಾಹಿಸುವುದಷ್ಟೇ ಅಲ್ಲ, ತಾವೂ ಕುಳಿತುಕೊಳ್ಳುವುದು. ಆ ಎರಡನೇ ಭಾಗವನ್ನು ದಯವಿಟ್ಟು ಗಮನಿಸಿ.

ಇಲ್ಲಿನ ಶಾಲೆಗಳಲ್ಲಿ ತರಬೇತಿ ದಿನಗಳು ಇರುತ್ತವೆ. ಆದರೆ ಸಾಮಾನ್ಯವಾಗಿ ಎಲ್ಲ ಶಿಕ್ಷಕರನ್ನೂ ಒಂದೇ ಹಾಲಿನಲ್ಲಿ ಕೂರಿಸಿ ಶಿಸ್ತು, ಡೇಟಾ, ಹೊಸ ನಿಯಮ ಇವುಗಳ ಬಗ್ಗೆ ಹೇಳಿ ಕಳಿಸುತ್ತಾರೆ. ಚಿತ್ರಕಲೆಯವರಿಗೂ ಅದೇ, ಫಿಸಿಕ್ಸ್‌ನವರಿಗೂ ಅದೇ. ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ 2020ರಲ್ಲಿ ಹೊರತಂದ ವರದಿಯೊಂದರಲ್ಲಿ, ಪ್ರತಿ ಶಿಕ್ಷಕರಿಗೂ ಅವರವರ ವಿಷಯಕ್ಕೆ ಸಂಬಂಧಿಸಿದ ತರಬೇತಿ ಸಿಗಬೇಕು ಎಂದು ವಾದಿಸಿತು. ಅದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಮುಂದಿನ ವಾರ ಕರೆಂಟಿನ ಪಾಠ ಇದೆ ಎಂದರೆ, ಈ ವಾರ ಒಂದು ಗಂಟೆ ವಿಜ್ಞಾನ ಶಿಕ್ಷಕರೆಲ್ಲ ಲ್ಯಾಬಿನಲ್ಲಿ ಸೇರಿ ಆ ಬಲ್ಬುಗಳನ್ನು ತಾವೇ ಜೋಡಿಸಿ ನೋಡಬೇಕು. ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಪ್ರಶ್ನೆ ಕೇಳಬೇಕು ಎಂದು ಮಾತಾಡಬೇಕು. ಬಯಾಲಜಿ ಓದಿದ ಶಿಕ್ಷಕಿಗೆ ಸಂಕೋಚವಿಲ್ಲದೆ ನನಗಿದು ಗೊತ್ತಿಲ್ಲ ಎನ್ನುವುದಕ್ಕೆ ಅದೊಂದು ಜಾಗ. ಮುಖ್ಯೋಪಾಧ್ಯಾಯರು ತಾವೂ ಒಂದು ಸ್ಟೂಲ್ ಎಳೆದುಕೊಂಡು ಕುಳಿತು, ನನಗೂ ಹೇಳಿಕೊಡಿ ಎಂದರೆ ಆ ಸಂಕೋಚ ಇನ್ನೂ ಬೇಗ ಹೋಗುತ್ತದೆ. ಈ ಗಂಟೆಯನ್ನು ಟೈಮ್‌ಟೇಬಲ್ಲಿನಲ್ಲೇ ಇಡಬೇಕು. ಸಂಜೆ ಆರರ ನಂತರ ಇಷ್ಟವಿದ್ದವರು ಬನ್ನಿ ಎಂದರೆ ಚಿಕ್ಕ ಮಕ್ಕಳ ತಾಯಂದಿರು ಬರಲಾರರು.

ಮೂರನೆಯದು ಲ್ಯಾಬ್ ಮತ್ತು ಟೆಕ್ನಿಷಿಯನ್. ಮೂವತ್ತು ಮಕ್ಕಳು ಇಬ್ಬಿಬ್ಬರಾಗಿ ತಂತಿಯ ಪ್ರತಿರೋಧ ಅಳೆಯುವ ಪ್ರಯೋಗ ಮಾಡಬೇಕು ಎಂದರೆ ಹದಿನೈದು ಪವರ್ ಪ್ಯಾಕ್, ಹದಿನೈದು ಅಮ್ಮೀಟರ್, ಹದಿನೈದು ವೋಲ್ಟ್‌ಮೀಟರ್, ಕಡಿಮೆಯೆಂದರೂ ಎಪ್ಪತ್ತೈದು ವೈರುಗಳು ಬೇಕು. ಎಲ್ಲವೂ ಕೆಲಸ ಮಾಡಬೇಕು. ಒಂದು ವೈರ್ ಒಳಗೆ ತುಂಡಾಗಿದ್ದರೂ ಆ ಜೋಡಿಯ ಪಾಠ ಹಾಳು. ಇದನ್ನೆಲ್ಲ ಪರೀಕ್ಷಿಸಿ ಟ್ರೇಗಳಲ್ಲಿ ಜೋಡಿಸಿಡುವವರು ಟೆಕ್ನಿಷಿಯನ್‌ಗಳು. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಒಬ್ಬ ಟೆಕ್ನಿಷಿಯನ್ ನಿವೃತ್ತರಾದಾಗ, ಉಳಿತಾಯ ಎಂದು ಆ ಜಾಗವನ್ನು ತುಂಬಲಿಲ್ಲ. ಯಾರೂ ಪ್ರಯೋಗ ನಿಲ್ಲಿಸಿ ಎಂದು ಹೇಳಲಿಲ್ಲ. ಆದರೆ ವರ್ಷ ತಿರುಗುವಷ್ಟರಲ್ಲಿ ಅಲೆಗಳನ್ನು ತೋರಿಸುವ ರಿಪಲ್ ಟ್ಯಾಂಕ್ ಬೀರುವಿನಲ್ಲಿ ಧೂಳು ಹಿಡಿಯಿತು, ಮಕ್ಕಳು ಅಲೆಗಳನ್ನು ವಿಡಿಯೊದಲ್ಲಿ ನೋಡಿದರು. ಲೆಕ್ಕಪತ್ರದಲ್ಲಿ ಆ ನಷ್ಟ ಎಲ್ಲೂ ಕಾಣಲಿಲ್ಲ.

ಪರೀಕ್ಷೆಯ ನಿಯಮಗಳೂ ಪ್ರಯೋಗ ಬೇಕೆನ್ನುತ್ತವೆ. ಜಿಸಿಎಸ್‌ಇ ಫಿಸಿಕ್ಸ್‌ನಲ್ಲಿ ಕನಿಷ್ಠ 8, ಕಂಬೈನ್ಡ್ ಸೈನ್ಸ್‌ನಲ್ಲಿ ಕನಿಷ್ಠ 16, ಎ ಲೆವೆಲ್ ಫಿಸಿಕ್ಸ್‌ನಲ್ಲಿ ಕನಿಷ್ಠ 12 ಪ್ರಯೋಗಗಳನ್ನು ಮಕ್ಕಳು ಮಾಡಲೇಬೇಕು. ಆದರೆ ಕನಿಷ್ಠವನ್ನೇ ಗರಿಷ್ಠ ಮಾಡಿಕೊಳ್ಳಬಾರದು. ಗ್ಯಾಟ್ಸ್‌ಬಿ ಪ್ರತಿಷ್ಠಾನಕ್ಕಾಗಿ ಸರ್ ಜಾನ್ ಹೋಲ್ಮನ್ 2017ರಲ್ಲಿ ಸಿದ್ಧಪಡಿಸಿದ ವರದಿ ಒಳ್ಳೆಯ ಪ್ರಯೋಗ ಬೋಧನೆಗೆ ಹತ್ತು ಅಳತೆಗೋಲುಗಳನ್ನು ಕೊಟ್ಟಿದೆ. ವಿಜ್ಞಾನದ ತರಗತಿಗಳಲ್ಲಿ ಅರ್ಧದಷ್ಟಾದರೂ ಏನಾದರೂ ಕೈಯಾರೆ ಮಾಡುವ ಚಟುವಟಿಕೆ ಇರಬೇಕು ಎಂಬುದು ಅದರಲ್ಲೊಂದು. ಸಾಕಷ್ಟು ಟೆಕ್ನಿಷಿಯನ್‌ಗಳು ಇರಬೇಕು ಎಂಬುದು ಇನ್ನೊಂದು. ಅಪಾಯದ ಹೆದರಿಕೆಯಿಂದ ಪ್ರಯೋಗ ನಿಲ್ಲಿಸಬಾರದು ಎಂಬುದೂ ಅಲ್ಲಿದೆ. ಸುರಕ್ಷತೆಯ ಅನುಮಾನಗಳಿಗೆ ಕ್ಲೀಪ್ಸ್ ಎಂಬ ಸಲಹಾ ಸಂಸ್ಥೆಯೇ ಇದೆ. ಕೇಳಿದರೆ ಹೇಗೆ ಸುರಕ್ಷಿತವಾಗಿ ಮಾಡಬೇಕೆಂದು ಹೇಳಿಕೊಡುತ್ತಾರೆ. ಇದು ನಿಷಿದ್ಧ ಎಂದು ಶಾಲೆಗಳಲ್ಲಿ ನಂಬಿರುವ ಎಷ್ಟೋ ಪ್ರಯೋಗಗಳು ನಿಷಿದ್ಧವೇ ಅಲ್ಲ.

ನಾಲ್ಕನೆಯದು, ಯಾರು ಫಿಸಿಕ್ಸ್ ಓದುತ್ತಾರೆ ಎಂಬ ಪ್ರಶ್ನೆ. ಎ ಲೆವೆಲ್ ಫಿಸಿಕ್ಸ್ ತೆಗೆದುಕೊಳ್ಳುವವರಲ್ಲಿ ಹುಡುಗಿಯರು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಹುಡುಗಿಯರಿಗೆ ಅದು ಇಷ್ಟವಿಲ್ಲ ಬಿಡಿ ಎನ್ನುವವರಿದ್ದಾರೆ. ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ 2012ರಲ್ಲಿ ಪ್ರಕಟಿಸಿದ ವರದಿ ಬೇರೆ ಮಾತು ಹೇಳುತ್ತದೆ. 2011ರಲ್ಲಿ ಇಂಗ್ಲೆಂಡಿನ ಸರ್ಕಾರಿ ಸಹಶಿಕ್ಷಣ ಶಾಲೆಗಳ ಪೈಕಿ ಶೇಕಡಾ 49ರಷ್ಟು ಶಾಲೆಗಳಿಂದ ಎ ಲೆವೆಲ್ ಫಿಸಿಕ್ಸ್‌ಗೆ ಒಬ್ಬ ಹುಡುಗಿಯೂ ಹೋಗಲಿಲ್ಲ. ಒಬ್ಬಳೂ ಇಲ್ಲ. ಅದೇ ಹೊತ್ತಿನಲ್ಲಿ, ಸಹಶಿಕ್ಷಣ ಶಾಲೆಗಳಿಗಿಂತ ಹುಡುಗಿಯರ ಶಾಲೆಗಳಿಂದ ಬಂದವರು ಫಿಸಿಕ್ಸ್ ಆರಿಸಿಕೊಳ್ಳುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಹುಡುಗಿಯರ ಬುದ್ಧಿ ಶಾಲೆಯಿಂದ ಶಾಲೆಗೆ ಬದಲಾಗುವುದಿಲ್ಲ. ವಾತಾವರಣ ಬದಲಾಗುತ್ತದೆ. 2013ರ ಇನ್ನೊಂದು ವರದಿಯಲ್ಲಿ ಫಿಸಿಕ್ಸ್ ಜೊತೆ ಇಂಗ್ಲಿಷ್, ಮನಶ್ಶಾಸ್ತ್ರ ಮುಂತಾದ ಆರು ವಿಷಯಗಳನ್ನು ಒಟ್ಟಿಗೆ ನೋಡಿದಾಗ, ಇದು ಒಂದು ವಿಭಾಗದ ಕಾಯಿಲೆಯಲ್ಲ, ಇಡೀ ಶಾಲೆಯ ಸಂಸ್ಕೃತಿಯ ಪ್ರಶ್ನೆ ಎಂಬುದು ಸ್ಪಷ್ಟವಾಯಿತು. ಇಡೀ ಶಾಲೆಯ ಸಂಸ್ಕೃತಿ ಎಂದರೆ ಅದು ಮುಖ್ಯೋಪಾಧ್ಯಾಯರ ಕೆಲಸ.

ಅವರು ಏನು ಮಾಡಬಹುದು? ಮೊದಲು ಎಣಿಸಬಹುದು. ಈ ವರ್ಷ ಎಷ್ಟು ಹುಡುಗಿಯರು ಫಿಸಿಕ್ಸ್ ಆರಿಸಿಕೊಂಡರು, ಹೋದ ವರ್ಷ ಎಷ್ಟು ಎಂದು. ಆಯ್ಕೆಯ ಸಮಯದಲ್ಲಿ ಸಲಹೆ ಕೊಡುವವರು, ಫಿಸಿಕ್ಸ್ ಬಹಳ ಕಷ್ಟ, ನಿನಗೆ ಬಯಾಲಜಿ ಸರಿಹೋಗುತ್ತದೆ ಎಂದು ಸಲೀಸಾಗಿ ಹೇಳುತ್ತಿದ್ದಾರೆಯೇ ಎಂದು ಕಿವಿಗೊಟ್ಟು ಕೇಳಬಹುದು. ಲೂಯಿಸ್ ಆರ್ಚರ್ ಮತ್ತವರ ತಂಡ ಇಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಹಿಂಬಾಲಿಸಿ ನಡೆಸಿದ ಆಸ್ಪೈರ್ಸ್ ಅಧ್ಯಯನದಲ್ಲಿ ಕಂಡದ್ದು ಇದೇ. ಹೆಚ್ಚಿನ ಮಕ್ಕಳಿಗೆ ವಿಜ್ಞಾನ ಇಷ್ಟ. ಆದರೆ ವಿಜ್ಞಾನಿ ಎಂಬುದು ನನ್ನಂಥವರಿಗಲ್ಲ ಎಂದುಕೊಳ್ಳುತ್ತಾರೆ. ಇಷ್ಟವಿದ್ದೂ ದೂರ ನಿಲ್ಲುವ ಮಗುವನ್ನು ಹತ್ತಿರ ಕರೆಯುವುದು ಶಾಲೆಯ ಕೈಯಲ್ಲಿದೆ.

ಇಷ್ಟು ಹೇಳುವಾಗ ಕನ್ನಡಿಗರ ಸಭೆಯಲ್ಲಿ ಒಬ್ಬರನ್ನು ನೆನೆಯದಿರಲಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು. ಫಿಸಿಕ್ಸ್ ಮೇಷ್ಟ್ರು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ ಹಿಂತಿರುಗಿದವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಕೆಲಸ ಮಾಡಿದರು. ಎಚ್ಚೆನ್ ಎಂದರೆ ನಮಗೆ ವೈಚಾರಿಕತೆ ನೆನಪಾಗುತ್ತದೆ, ಸರಳ ಬದುಕು ನೆನಪಾಗುತ್ತದೆ. ನನಗೆ ಈ ಹೊತ್ತಿನಲ್ಲಿ ಮುಖ್ಯವಾಗಿ ಕಾಣುವುದು ಅವರ ಆಡಳಿತದ ಒಂದು ಗುಣ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ವಿಜ್ಞಾನಿಗಳು ಬಂದು ಜನಸಾಮಾನ್ಯರಿಗೆ, ವಿದ್ಯಾರ್ಥಿಗಳಿಗೆ ಮಾತಾಡುವ ವೇದಿಕೆ ಅದು. ವಿಜ್ಞಾನದ ಬಗ್ಗೆ ಉತ್ಸಾಹದ ಮಾತಾಡಿ ಬಿಟ್ಟವರಲ್ಲ ಅವರು. ವಿಜ್ಞಾನಕ್ಕೆ ಒಂದು ಜಾಗ ಕೊಟ್ಟರು, ವಾರದಲ್ಲಿ ಒಂದು ಹೊತ್ತು ಕೊಟ್ಟರು, ಅದು ತಪ್ಪದಂತೆ ನೋಡಿಕೊಂಡರು. ಶಾಲಾ ಮುಖ್ಯಸ್ಥರ ಬೆಂಬಲ ಎಂದು ನಾನು ಇಷ್ಟು ಹೊತ್ತು ಹೇಳುತ್ತಿರುವುದೂ ಅದನ್ನೇ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಈ ಸಭಾಂಗಣದಲ್ಲಿ ಎಂಜಿನಿಯರುಗಳು, ವೈದ್ಯರು, ಐಟಿಯವರು, ಲೆಕ್ಕಪರಿಶೋಧಕರು ತುಂಬಿದ್ದೀರಿ. ಶಾಲೆಯಲ್ಲಿ ಫಿಸಿಕ್ಸ್ ಮೇಷ್ಟ್ರಿಲ್ಲ ಎಂದು ಗೊತ್ತಾದ ತಕ್ಷಣ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಅಪ್ಪನೋ ಅಮ್ಮನೋ ಭಾನುವಾರ ಕೂತು ಹೇಳಿಕೊಡುತ್ತಾರೆ. ಇಲ್ಲವಾದರೆ ಟ್ಯೂಷನ್. ತಪ್ಪೇನಿಲ್ಲ, ನಮ್ಮ ಮಕ್ಕಳನ್ನು ನಾವು ನೋಡಿಕೊಳ್ಳಲೇಬೇಕು. ಆದರೆ ಹೀಗೆ ನಾವು ಮನೆಯೊಳಗೇ ತೂತು ಮುಚ್ಚಿಕೊಂಡಾಗ ಶಾಲೆಗೆ ತನ್ನ ಛಾವಣಿ ಸೋರುತ್ತಿರುವುದು ಗೊತ್ತಾಗುವುದಿಲ್ಲ. ನಮ್ಮ ಮಗಳ ಪಕ್ಕದಲ್ಲಿ ಕುಳಿತ ಹುಡುಗಿಯ ತಂದೆ ಬಸ್ ಓಡಿಸುತ್ತಿರಬಹುದು, ತಾಯಿ ರಾತ್ರಿಪಾಳಿಯಲ್ಲಿ ವೃದ್ಧರನ್ನು ನೋಡಿಕೊಳ್ಳುತ್ತಿರಬಹುದು. ಅವಳಿಗೆ ಫಿಸಿಕ್ಸ್ ಸಿಗುವುದಾದರೆ ಶಾಲೆಯಲ್ಲೇ ಸಿಗಬೇಕು. ಬೇರೆಲ್ಲೂ ಸಿಗುವುದಿಲ್ಲ.

ಅದಕ್ಕಾಗಿ ನಿಮ್ಮಲ್ಲಿ ಮೂರು ಕೋರಿಕೆ.

ಒಂದು, ಗವರ್ನರ್ ಆಗಿ. ಪ್ರತಿ ಸರ್ಕಾರಿ ಶಾಲೆಗೂ ಗವರ್ನರ್‌ಗಳಿರುತ್ತಾರೆ. ಸಂಬಳವಿಲ್ಲದ ಸೇವೆ, ಸಾಮಾನ್ಯವಾಗಿ ನಾಲ್ಕು ವರ್ಷದ ಅವಧಿ. ಆ ಶಾಲೆಯಲ್ಲಿ ನಿಮ್ಮ ಮಗು ಓದುತ್ತಿರಲೇಬೇಕೆಂದಿಲ್ಲ. ಶಾಲೆಯ ದಿಕ್ಕು, ಹಣಕಾಸು, ಮಕ್ಕಳ ಕಲಿಕೆ ಇವುಗಳ ಬಗ್ಗೆ ಮುಖ್ಯೋಪಾಧ್ಯಾಯರನ್ನು ಪ್ರಶ್ನೆ ಕೇಳುವ ಅಧಿಕಾರ ಆ ಮೇಜಿನ ಸುತ್ತ ಇದೆ. ಅಲ್ಲಿ ಕುಳಿತು ಈ ಐದು ಪ್ರಶ್ನೆ ಕೇಳಿ. ನಮ್ಮಲ್ಲಿ ಫಿಸಿಕ್ಸ್ ಪಾಠಗಳಲ್ಲಿ ಎಷ್ಟನ್ನು ಆ ವಿಷಯ ಓದಿದವರು ಮಾಡುತ್ತಿದ್ದಾರೆ? ಕಳೆದ ಮೂರು ವರ್ಷದಲ್ಲಿ ಎಷ್ಟು ಫಿಸಿಕ್ಸ್ ಶಿಕ್ಷಕರು ಬಿಟ್ಟುಹೋದರು, ಯಾಕೆ? ವಿಜ್ಞಾನ ಶಿಕ್ಷಕರು ಒಟ್ಟಿಗೆ ಕುಳಿತು ಪಾಠದ ಬಗ್ಗೆ ಮಾತಾಡುವ ಸಮಯ ಟೈಮ್‌ಟೇಬಲ್ಲಿನಲ್ಲಿ ಇದೆಯೇ? ಟೆಕ್ನಿಷಿಯನ್‌ಗಳು ಎಷ್ಟು ಜನ, ವಾರಕ್ಕೆ ಎಷ್ಟು ಗಂಟೆ? ಎಷ್ಟು ಮಕ್ಕಳು ಎ ಲೆವೆಲ್ ಫಿಸಿಕ್ಸ್‌ಗೆ ಹೋದರು, ಅವರಲ್ಲಿ ಹುಡುಗಿಯರೆಷ್ಟು? ಗದರಿಸುವ ದನಿಯಲ್ಲಿ ಬೇಡ, ಸಹಾಯ ಮಾಡುವ ದನಿಯಲ್ಲಿ ಕೇಳಿ. ಪ್ರತಿ ವರ್ಷವೂ ಕೇಳಿ. ಯಾರೋ ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ಆ ಸಂಖ್ಯೆಗಳ ಕಡೆ ಗಮನ ಹರಿಯುತ್ತದೆ. ಗವರ್ನರ್ ಆಗಲು ಪುರುಸೊತ್ತಿಲ್ಲದವರು ಶಾಲೆಯ ಓಪನ್ ಈವನಿಂಗ್‌ನಲ್ಲಾದರೂ ಇದರಲ್ಲಿ ಎರಡು ಪ್ರಶ್ನೆ ಕೇಳಿ ಬನ್ನಿ.

ಎರಡು, ನಿಮ್ಮಲ್ಲಿ ಕೆಲವರು ಶಿಕ್ಷಕರಾಗುವ ಬಗ್ಗೆ ಯೋಚಿಸಿ. ಎಂಜಿನಿಯರಿಂಗ್ ಓದಿದವರನ್ನು ಫಿಸಿಕ್ಸ್ ಶಿಕ್ಷಕರಾಗಿ ತಯಾರು ಮಾಡಲೆಂದೇ ಶಿಕ್ಷಣ ಇಲಾಖೆ 2022ರಲ್ಲಿ ಒಂದು ತರಬೇತಿ ಯೋಜನೆ ಶುರುಮಾಡಿತು. ಐವತ್ತರ ಆಸುಪಾಸಿನಲ್ಲಿ ಕೆಲಸ ಸಾಕೆನಿಸಿದೆ ಎನ್ನುವ ಎಂಜಿನಿಯರ್ ಗೆಳೆಯರು ನನಗೆ ಬಹಳ ಜನ ಸಿಗುತ್ತಾರೆ. ಸಂಬಳ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಒಂಬತ್ತನೇ ವರ್ಷದ ತರಗತಿಯ ಗಲಾಟೆ ಯಾವ ಪ್ರಾಜೆಕ್ಟ್ ಮೀಟಿಂಗಿನಲ್ಲೂ ಇರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಅಮ್ಮೀಟರಿನ ಎರಡು ಅಂಕಿಗಳು ಒಂದೇ ಆಗಿರುವುದನ್ನು ನೋಡಿ, ಸರ್, ಇದು ಹೇಗೆ ಸಾಧ್ಯ ಎಂದು ಒಂದು ಮಗು ನಿಜವಾಗಿ ಕೋಪಗೊಂಡು ಕೇಳುತ್ತದಲ್ಲ, ಅದಕ್ಕಾಗಿ ನಾನು ಇಪ್ಪತ್ತೆರಡು ವರ್ಷ ಇಲ್ಲೇ ಉಳಿದಿದ್ದೇನೆ.

ಮೂರು, ಊರಿನಿಂದ ಬರುವ ಶಿಕ್ಷಕರ ಕೈ ಹಿಡಿಯಿರಿ. 2023ರ ಫೆಬ್ರವರಿಯಿಂದ ಭಾರತವೂ ಸೇರಿದಂತೆ ಇನ್ನಷ್ಟು ದೇಶಗಳ ಅರ್ಹ ವಿಜ್ಞಾನ, ಗಣಿತ ಶಿಕ್ಷಕರು ಇಂಗ್ಲೆಂಡಿನ ಶಿಕ್ಷಕ ಅರ್ಹತೆಗೆ ಅರ್ಜಿ ಹಾಕಬಹುದಾಗಿದೆ. ನಮ್ಮ ಬಿ.ಇಡಿ. ಮಾಡಿದ ಮೇಷ್ಟ್ರುಗಳು, ಟೀಚರಮ್ಮಂದಿರು ಬರುತ್ತಿದ್ದಾರೆ. ವಿಷಯದಲ್ಲಿ ಗಟ್ಟಿಗರು. ಆದರೆ ತರಗತಿಗೆ ಕಾಲಿಟ್ಟ ತಕ್ಷಣ ಮಕ್ಕಳೆಲ್ಲ ಎದ್ದುನಿಂತು ನಮಸ್ತೆ ಹೇಳುವ ಊರಿನಿಂದ ಬಂದವರಿಗೆ ಇಲ್ಲಿನ ತರಗತಿ ಮೊದಲ ಆರು ತಿಂಗಳು ಕಂಗಾಲು ಮಾಡುತ್ತದೆ. ಶಾಲೆಯವರು ಅವರಿಗೆ ಮೊದಲ ಅವಧಿಯಲ್ಲಿ ಪಾಠಗಳನ್ನು ಸ್ವಲ್ಪ ಕಡಿಮ ಮಾಡಿ, ಅದೇ ವಿಷಯದ ಒಬ್ಬ ಹಿರಿಯ ಶಿಕ್ಷಕರನ್ನು ಜೊತೆಗೆ ಕೊಡಬೇಕು. ನಾವು ಮಾಡಬೇಕಾದದ್ದು ಅದಕ್ಕಿಂತ ಸುಲಭ. ಬಾಡಿಗೆ ಮನೆ ಹುಡುಕಿಕೊಡುವುದು, ನವೆಂಬರಿನ ಕತ್ತಲೆಯ ಒಂದು ಶನಿವಾರ ಊಟಕ್ಕೆ ಕರೆಯುವುದು, ಮೊದಲ ವರ್ಷ ಎಲ್ಲರಿಗೂ ಹೀಗೇ ಇರುತ್ತದೆ, ಎರಡನೇ ವರ್ಷ ಸರಿಹೋಗುತ್ತದೆ ಎಂದು ಧೈರ್ಯ ಹೇಳುವುದು. ಹೀಗೆ ಒಬ್ಬ ಶಿಕ್ಷಕರು ವಾಪಸ್ ಹೋಗದೆ ಉಳಿದರೆ, ಒಂದು ಶಾಲೆಯಲ್ಲಿ ವರ್ಷಕ್ಕೆ ನೂರಾರು ಮಕ್ಕಳಿಗೆ ಫಿಸಿಕ್ಸ್ ಉಳಿಯುತ್ತದೆ. ನಮ್ಮ ಸಂಘದ ಕೈಯಲ್ಲಾಗುವ ಕೆಲಸ ಇದು.

ಫಿಸಿಕ್ಸ್ ಪಾಠ ಮಾಡುವವರು ತಮ್ಮ ಕೆಲಸ ಮಾಡುತ್ತಾರೆ. ಅವರಿಗೆ ಸರಿಯಾದ ತರಗತಿಗಳು, ಕಲಿಯಲು ಒಂದು ಗಂಟೆ, ಕೆಲಸ ಮಾಡುವ ಸಲಕರಣೆ, ಎಲ್ಲ ಮಕ್ಕಳನ್ನೂ ಕರೆಯುವ ವಾತಾವರಣ ಕೊಡುವುದು ಮುಖ್ಯಸ್ಥರ ಕೆಲಸ. ಅವರು ಅದನ್ನು ಕೊಡುತ್ತಿದ್ದಾರೆಯೇ ಎಂದು ಕೇಳುವುದು ನಮ್ಮ ಕೆಲಸ. ಈ ದೇಶ ನಮಗೆ ಕೆಲಸ ಕೊಟ್ಟಿದೆ, ನಮ್ಮ ಮಕ್ಕಳಿಗೆ ಶಾಲೆ ಕೊಟ್ಟಿದೆ. ಆ ಶಾಲೆಗೆ ನಾವು ತಿಂಗಳಿಗೆ ಕೆಲವು ಗಂಟೆ ಕೊಡಬಹುದು.

ಗವರ್ನರ್ ಆಗುವ ಬಗ್ಗೆ ತಿಳಿಯಬೇಕೆನ್ನುವವರು ಊಟದ ನಂತರ ನನ್ನನ್ನು ಹುಡುಕಿ, ಅರ್ಜಿ ಹೇಗೆ ಹಾಕಬೇಕೆಂದು ಕುಳಿತು ತೋರಿಸುತ್ತೇನೆ. 

ಸಿರಿಗನ್ನಡಂ ಗೆಲ್ಗೆ.